ಆನೆ ನೋಡಲು ಹೋದವರು

ಆಂಬುಲೆನ್ಸು ತಿರುವು ದಾಟುವಷ್ಟರಲ್ಲಿ ಪುಟ್ಟರಾಜು ಮತ್ತು ಊರಿನವರು ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿ ಎಳೆದರು. ಒಳಗೆ ಎರಡು ಹೆಣಗಳಿದ್ದವು. ಒಂದು ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಪದ್ಮಕುಮಾರನದು, ಇನ್ನೊಂದು ಇದೇ ಊರಿನ ತೋಟದ ಆಳು ಗಂಗಯ್ಯನದು. ಬೆಳಿಗ್ಗೆ ಒಂದೇ ಆನೆ ಇಬ್ಬರನ್ನೂ ತುಳಿದಿತ್ತು. ಅರಕಲಗೂಡಿನ ಆಸ್ಪತ್ರೆಯಲ್ಲಿ ಕೊಯ್ದು ನೋಡಿ ಕೊಡುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು.

ಆನೆ ಹಿಡಿಯುತ್ತೇವೆಂದು ಅರಣ್ಯ ಇಲಾಖೆಯ ಅಧಿಕಾರಿ ಬಂದು ಹೇಳುವ ತನಕ ಎರಡೂ ಹೆಣ ರಸ್ತೆಯಲ್ಲೇ ಇರಬೇಕೆಂದು ಊರಿನವರು ಪಟ್ಟು ಹಿಡಿದರು. ಪದ್ಮಕುಮಾರನ ತಮ್ಮ ಇಂದ್ರಕುಮಾರ್ ಕೈಮುಗಿದ. ಜೈನರಾದ ತಮ್ಮಲ್ಲಿ ಹೆಣ ಇಟ್ಟುಕೊಂಡು ಕೂರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಸುಡುವುದೂ ಇಲ್ಲ, ದಯವಿಟ್ಟು ಬಿಡಿ ಎಂದ.

ಪುಟ್ಟರಾಜು ಅವನನ್ನು ಬಿಟ್ಟು, ಹಿಂದಿನ ಕಾರಿನಲ್ಲಿದ್ದ ಪದ್ಮಕುಮಾರನ ಹೆಂಡತಿ ಜ್ವಾಲಾಮಾಲಿನಿಯ ಹತ್ತಿರ ಬಂದ.

“ಓದ್ ವರ್ಸ ನಮ್ಮೋನೊಬ್ಬ ಸತ್ತಾಗ ಯಾವ ಆಫೀಸರೂ ಬರ್ನಿಲ್ಲ ಕಣಮ್ಮ. ಗಂಗಯ್ಯ ಒಬ್ನೇ ಆದ್ರೆ ಈಗ್ಲೂ ಬರಕಿಲ್ಲ. ಸಾವ್ಕಾರ್ರು ಜೊತೇಲಿದ್ರೆ ಬತ್ತಾರೆ.”

* * *

ಪದ್ಮಕುಮಾರನಿಗೆ ಕಾಡುಪ್ರಾಣಿಯ ಹುಚ್ಚು. ಮನೆ, ಕಾರು ಯಾವುದರ ಮೇಲೂ ಆಸೆಯಿರದ ಮನುಷ್ಯ ವರ್ಷಕ್ಕೊಮ್ಮೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟುಬಿಡುತ್ತಿದ್ದ. ಕೀನ್ಯಾದ ಸಿಂಹ, ಬೋರ್ನಿಯೋದ ಒರಾಂಗುಟಾನ್, ಮಂಗೋಲಿಯಾದ ಕಾಡುಕುದುರೆ. ಹೋದಲ್ಲೆಲ್ಲ ಹೆಂಡತಿ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ. ಪ್ರಾಣಿಗಳು ಹೊರಬರುವ ಸಂಜೆಯ ಹೊತ್ತಿಗೇ, ಕತ್ತಲಾದ ಮೇಲೆ ಉಣ್ಣದ ಇವನ ಊಟದ ಗಡುವು. ಜೀಪಿನಲ್ಲಿ ಕೂತು ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ಪೊದೆಯ ಮೇಲೆ ಇಟ್ಟು ಗಬಗಬ ತಿನ್ನುತ್ತಿದ್ದನಂತೆ.

ಸಿಂಹ ಹಿಡಿದ ಜೀಬ್ರಾ ಮರಿಯ ವಿಷಯ ಹೇಳುತ್ತಾ ಒಮ್ಮೆ ಅತ್ತೇಬಿಟ್ಟಿದ್ದ. ಅಷ್ಟು ಸಂಕಟವಾದರೆ ಹೋಗುವುದೇಕೆ ಎಂದು ಅವಳು ಕೇಳಿದ್ದಳು.

“ಅದು ಅದರ ಊರಲ್ಲಿತ್ತು ಮಾಲಿನಿ. ಕರೀದೇ ಹೋದೋನು ನಾನು.”

ಮಂಡಿನೋವು ಶುರುವಾಗಿ ಹೊರದೇಶ ಸಾಕು ಎಂದಾಗ ಅವಳಿಗೆ ನಿಜಕ್ಕೂ ಸಮಾಧಾನವಾಗಿತ್ತು. ಇಲ್ಲೇ ಅರಕಲಗೂಡಿನ ಕಡೆ ಆನೆ ಮರಿ ಹಾಕಿದೆಯಂತೆ, ನೋಡಿಕೊಂಡು ಊಟಕ್ಕೆ ಬರುತ್ತೇನೆ ಎಂದು ಈ ದಿನ ನಸುಕಿನಲ್ಲಿ ಹೊರಟಿದ್ದ.

* * *

ಜ್ವಾಲಾಮಾಲಿನಿ ಕಾರಿನಿಂದ ಇಳಿದಳು. ಗಂಗಯ್ಯನ ಹೆಂಡತಿ ದ್ಯಾವಮ್ಮ ರಸ್ತೆಯ ಬದಿಯಲ್ಲಿ ಕೂತಿದ್ದಳು. ಹೇಗಾಯಿತು ಎಂದು ಕೇಳಿದ್ದಕ್ಕೆ, ತೋಟದಲ್ಲಿದ್ದವರು ಕಂಡದ್ದನ್ನು ತಲೆ ಎತ್ತದೆಯೇ ಹೇಳಿದಳು.

“ದಾರಿ ತೋರ್ಸಕೆ ಓಗಿದ್ದ ನನ್ ಗಂಡ. ಬ್ಯಾಡ ಸಾ, ಮರಿ ಐತೆ ಅಂದ್ನಂತೆ. ಇನ್ನೊಂದೀಟು ಮುಂದ್ಕೋಗವಾ ಅಂದ್ರಂತೆ ನಿಮ್ಮೋರು. ಆನೆ ಅಟ್ಟುಸ್ಕಂಡು ಬಂದಾಗ ಬಿದ್ದೋದ್ರು. ಎತ್ತಕೆ ಅಂತ ಇವ್ನು ವಾಪಸ್ ಓದ.”

ಸತ್ತ ಗಂಡನ ಮೇಲೆ ಜ್ವಾಲಾಮಾಲಿನಿಗೆ ಸಿಟ್ಟು ಬಂತು, ಮದುವೆಯಾದಾಗಿನಿಂದ ಬಾರದಷ್ಟು ಸಿಟ್ಟು. ಬಿಸಿಲು ಆಗಲೇ ಮರಗಳ ತುದಿಗೆ ಏರಿತ್ತು. ಅವಳು ಮೈದುನನನ್ನು ಕರೆದು, ನಿಮ್ಮಣ್ಣನನ್ನೂ ಆಂಬುಲೆನ್ಸಿನಿಂದ ರಸ್ತೆಗೆ ಇಳಿಸು ಎಂದಳು.

ಇಂದ್ರಕುಮಾರನಿಗೆ ನಂಬಲಾಗಲಿಲ್ಲ. “ಅತ್ತಿಗೆ, ತಾಯೀನ ಹಿಡಿದ್ರೆ ಆ ಮರಿ ಉಳಿಯುತ್ತಾ? ಅಣ್ಣ ಇದ್ದಿದ್ರೆ ಒಪ್ತಿದ್ನಾ?”

“ನಿಮ್ಮಣ್ಣ ನೋಡ್ಕೊಂಡು ಮನೆಗೆ ಬರೋರು ಇಂದ್ರ. ಇವರು ಇಲ್ಲೇ ಬದುಕಬೇಕು.”

ಹೊತ್ತು ಮುಳುಗಿದ ಮೇಲೆ ಅಧಿಕಾರಿ ಬಂದ. ದ್ಯಾವಮ್ಮನನ್ನು ದಾಟಿ ನೇರವಾಗಿ ಜ್ವಾಲಾಮಾಲಿನಿಯ ಮುಂದೆ ನಿಂತು, ನಿಮ್ಮ ಬೇಡಿಕೆಯೇನು ಎಂದು ಕೇಳಿದ.

“ಹಿಡೀರಿ,” ಎಂದಳು.

ದಿಮ್ಮಿ ಸರಿಸಿದರು. ಗಂಗಯ್ಯನನ್ನು ಮಣ್ಣು ಮಾಡಲು ಊರಿನವರು ಹೊತ್ತು ನಡೆದರು. ಬೆಳಗಾಗುವ ತನಕ ಸುಡುವಂತಿಲ್ಲದ ಪದ್ಮಕುಮಾರ ರಸ್ತೆಯಲ್ಲೇ ಉಳಿದಿದ್ದ. ಇಂದ್ರಕುಮಾರ್ ಆಂಬುಲೆನ್ಸಿನ ಡ್ರೈವರನನ್ನು ಕರೆಯಲು ಹೋದ. ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಕೆಂಜಿಗದ ಇರುವೆಗಳು ಹತ್ತಿದ್ದವು. ಜ್ವಾಲಾಮಾಲಿನಿ ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಅವನ್ನು ಒಂದೊಂದಾಗಿ, ಸಾಯದಂತೆ ಎತ್ತಿ, ಬದಿಯ ಹುಲ್ಲಿಗೆ ಬಿಡತೊಡಗಿದಳು.