ಐದು ಸೆಕೆಂಡಿನ ಗಡುವು

"ಲಗೂ ಒತ್ರಿ ಆಯಿ, ಲಗೂ!" ಎಂದು ಸಕ್ಕರೆ ಕಾರ್ಖಾನೆಯ ತೂಕದ ಕೋಣೆಯಲ್ಲಿ ಇರಮ ಕೂಗುವಷ್ಟರಲ್ಲಿ ಕಪ್ಪು ಪರದೆಯ ಮೇಲೆ ಆ ಹಾಳು ಸಾಲು ಬಂದೇಬಿಟ್ಟಿತು: 'ಉತ್ತರ ಬಂದಿಲ್ಲ. ಗಾಡಿ ಪಾಳಿಯ ಕೊನೆಗೆ.'

ಅತನೂರಿನ ಗುರುಶಾಂತಮ್ಮ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ಕೀಬೋರ್ಡಿನ ಅಂಚು ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡು ತುಟಿಯಲ್ಲೇ ಬಸವಣ್ಣನನ್ನು ನೆನೆಯುತ್ತಿದ್ದಳು. ತಾನು ಬೆಳೆದ ಕಬ್ಬಿನ ತೂಕಕ್ಕೆ 'ಹೌದು' ಅನ್ನುವ ಗಳಿಗೆಯಲ್ಲಿ, ನೆನೆಯದೆ ಬೆರಳಿಡುವ ಹೆಂಗಸೇ ಅಲ್ಲ ಆಕೆ.

ಹೋದ ವರ್ಷ ತೂಕದ ಜಗಳ ಕೈಕೈ ಮಿಲಾಯಿಸುವವರೆಗೆ ಹೋದ ಮೇಲೆ, ಬೆಳೆದವರೇ ಪರದೆ ನೋಡಿ ಗುಂಡಿ ಒತ್ತಬೇಕೆಂದು ಕಾರ್ಖಾನೆಯಲ್ಲಿ ಠರಾವಾಗಿತ್ತು. ಅದಕ್ಕೆ ಪ್ರೋಗ್ರಾಮು ಬರೆದವಳು ಇರಮ. ಗಾಡಿಗಳು ಬೇಗ ಸಾಗಲೆಂದು ಅದರಲ್ಲಿ ಐದು ಸೆಕೆಂಡಿನ ಗಡುವು ಹಾಕಿಸಿದವನು ಮೇಲಧಿಕಾರಿ ಶಾಂತಕುಮಾರ. ಮುದುಕಿಯ ಬದಲು ಇರಮ ತಾನೇ ಒತ್ತೋಣವೆಂದರೆ ತಲೆಯ ಮೇಲೆ ಕ್ಯಾಮೆರಾ.

"ನಿನ್ನೆನೂ ಹಿಂಗೇ ಆತಲ್ಲ ಮಗಳೆ," ಗುರುಶಾಂತಮ್ಮ ಕಣ್ಣು ತೆರೆದು ಪರದೆ ನೋಡಿದಳು. "ಮತ್ತ ಹಿಂದಕ್ಕ ಹೋದ್ರ ಕಬ್ಬು ಒಣಗಿ ಕಟಗಿ ಆಗ್ತದ. ತೂಕ ಏನ್ ಉಳೀತದವ್ವಾ?"

ಶಾಂತಕುಮಾರ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದ. "ಏನ್ ನೋಡಾಕತ್ತಿ? ಮುಂದಿನ ಗಾಡಿ ಕರಿ."

"ಸಾಹೇಬ್ರ, ಆಕಿ ದೇವರ ನೆನಸಾಕತ್ತಿದ್ಳರಿ. ಅಷ್ಟರಾಗ ಟೈಮ್ ಮುಗೀತು."

"ನೆನಸಾಕ ಗಾಣಗಾಪುರಕ್ಕ ಹೋಗಂತ ಹೇಳು." ಅವನು ಹಲ್ಲು ಕಿಸಿದ.

ಇರಮಳಿಗೆ ಮೈಯೆಲ್ಲ ಉರಿದುಹೋಯಿತು. "ನಗಬ್ಯಾಡ್ರಿ! ನಿಮ್ಮ ಚಾ ಆರಿದ್ರ ಇನ್ನೊಂದು ತರಸ್ತೀರಿ. ಆಕಿ ಕಬ್ಬು ಒಣಗಿದ್ರ ಯಾರು ತಂದು ಕೊಡ್ತಾರ್ರಿ?"

ಅವಳು ಪ್ರೋಗ್ರಾಮು ನಿಲ್ಲಿಸಿದಳು. ಗಡುವಿನ ಸಾಲು ಹುಡುಕಿದಳು. ಅವಳು ಏನು ಮಾಡುತ್ತಿದ್ದಾಳೆಂದು ಶಾಂತಕುಮಾರನಿಗೆ ಆಗ ಗೊತ್ತಾಯಿತು.

"ಏ, ಅದನ್ನ ತಗದ್ರ ನಾಳಿಂದ ನೀ ಬರೂದು ಬ್ಯಾಡ!"

"ಬರಂಗಿಲ್ರಿ. ಈ ಗಾಡಿ ತೂಗಿ ಹೋಗ್ತೇನಿ."

ಇರಮ ಆ ಸಾಲನ್ನು ಅಳಿಸಿ ಮತ್ತೆ ಶುರುಮಾಡಿದಳು. ಗುರುಶಾಂತಮ್ಮನ ಕಬ್ಬಿನ ಟ್ರ್ಯಾಕ್ಟರ್ ಇನ್ನೂ ತೂಕದ ಕಾಟಾದ ಮೇಲೇ ಇತ್ತು. ಪರದೆಯ ಮೇಲೆ ತೂಕ ಬಂತು, ಕೆಳಗೆ 'ಒಪ್ಪಿಗೆಯೇ?' ಎಂದಿತ್ತು.

"ಈಗ ನೆನಸ್ರಿ ಆಯಿ. ಎಷ್ಟು ಹೊತ್ತಾದ್ರೂ ನೆನಸ್ರಿ."

ಗುರುಶಾಂತಮ್ಮ ಒಮ್ಮೆ ಸಾಹೇಬನನ್ನು, ಒಮ್ಮೆ ಹುಡುಗಿಯನ್ನು ನೋಡಿ ಕಣ್ಣು ಮುಚ್ಚಿದಳು. ಹೊರಗೆ ಗಾಡಿಗಳು ಒಂದರ ಹಿಂದೊಂದು ಹಾರ್ನ್ ಬಾರಿಸತೊಡಗಿದವು. ಪರದೆಯ ಮೇಲೆ ಕರ್ಸರಿನ ಸಣ್ಣ ಗೆರೆ ಹೊತ್ತುತ್ತ ಆರುತ್ತ ಮುದುಕಿಯ ಬೆರಳಿಗಾಗಿ ಕಾಯುತ್ತಿತ್ತು.