ಎರಡು ಟಕ್ಕೆ ಬಡ್ಡಿ

"ಇಲ್ಲೊಂದು, ಇಲ್ಲೊಂದು, ಈ ಪುಟದ ಕೆಳಗೊಂದು ಸೈನ್ ಹಾಕಿದ್ರೆ ಮುಗೀತು ಅಂಕಲ್. ಮತ್ತೆ ಕಾರು ನಿಮ್ದೇ," ಎಂದು ಶೋರೂಮಿನ ಹುಡುಗ ರೋಶನ್ ಕಾಗದಗಳನ್ನು ಚಂದ್ರಾಮನ ಕಡೆಗೆ ತಿರುಗಿಸಿ ಸರಿಸಿದ. ಚಂದ್ರಾಮ ಪೆನ್ನಿನ ಮುಚ್ಚಳ ತೆಗೆದದ್ದೂ ಆಯಿತು. ಅಷ್ಟರಲ್ಲಿ ನೀಲಾವತಿ ಗಂಡನ ಮೊಣಕೈ ಹಿಡಿದಳು.

"ಒಂದೀಟು ತಡೀರಿ."

"ಯಾಕ?"

"ತಡೀರಿ ಅಂದೆ."

ಮುಂಬೈ ಸಾಂತಾಕ್ರೂಜಿನ ಆ ಶೋರೂಮಿನಲ್ಲಿ ಏಸಿ ಎಷ್ಟು ಜೋರಾಗಿತ್ತೆಂದರೆ, ಮೇ ತಿಂಗಳ ಬಿಸಿಲಲ್ಲಿ ವಾಕೋಲಾದ ಚಾಳಿನಿಂದ ನಡೆದು ಬಂದವರ ಬೆವರು ಐದೇ ನಿಮಿಷಕ್ಕೆ ಆರಿ, ನೀಲಾವತಿ ಸೆರಗು ಹೊದ್ದುಕೊಂಡು ಕೂತಿದ್ದಳು. ನಾಲ್ಕು ಹೆಜ್ಜೆ ಆಚೆ ಬಿಳಿ ಬಣ್ಣದ ಎಲೆಕ್ಟ್ರಿಕ್ ಕಾರು ನಿಂತಿತ್ತು. ಮಗಳು ಸೋನಾಲಿ ಆಗಲೇ ಅದರ ಎದುರು ನಿಂತು, ಒಳಗೆ ಕೂತು, ಬಾಗಿಲಿಗೆ ಒರಗಿ ಫೋಟೊ ಹೊಡೆದುಕೊಂಡು ಬಂದಿದ್ದಳು. ಇಪ್ಪತ್ತೆರಡರ ಹುಡುಗಿ, ಕೊರಿಯರ್ ಆಫೀಸಿನಲ್ಲಿ ಕೆಲಸ. ಅವಳಿಗೆ ಈ ಕಾಗದಪತ್ರದ ಕೆಲಸ ಬೇಗ ಮುಗಿದರೆ ಸಾಕಾಗಿತ್ತು.

ಚಂದ್ರಾಮನ ಅವಸರಕ್ಕೆ ಬೇರೆ ಕಾರಣವಿತ್ತು. ಇಂಡಿ ತಾಲೂಕಿನಿಂದ ಬಂದ ವರ್ಷದಿಂದ ಇವತ್ತಿನವರೆಗೆ, ಲೆಕ್ಕ ಹಾಕಿದರೆ ಇಪ್ಪತ್ತೆಂಟು ವರ್ಷ, ಅವನು ಓಡಿಸಿದ್ದೆಲ್ಲ ಮಂದಿಯ ಟ್ಯಾಕ್ಸಿ. ಎರಡು ತಿಂಗಳ ಹಿಂದೆ ಅವನು ಓಡಿಸುತ್ತಿದ್ದ ಸೇಠನ ಗಾಡಿಯ ಆಯುಷ್ಯ ತೀರಿ ಅದು ಗುಜರಿಗೆ ಹೋಯಿತು. ಅದರ ಜೊತೆಗೆ ಚಂದ್ರಾಮನ ಅನ್ನವೂ ಹೋಯಿತು. ಆಗಲೇ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನವರು ಮಾತು ಕೊಟ್ಟಿದ್ದರು: ಸ್ವಂತದ್ದೊಂದು ಎಲೆಕ್ಟ್ರಿಕ್ ಗಾಡಿ ತಂದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅತಿಥಿಗಳನ್ನು ತರುವ ಬಿಡುವ ಕೆಲಸ ನಿನ್ನದೇ, ತಿಂಗಳಿಗೆ ಗೊತ್ತಾದ ಹಣ. ಐವತ್ತೊಂದನೆಯ ವಯಸ್ಸಿನಲ್ಲಿ ಇಂಥ ಮಾತು ಎರಡು ಸಲ ಬರುವುದಿಲ್ಲ.

ಮುಂಗಡಕ್ಕೆ ನಾಲ್ಕು ಲಕ್ಷ ಕೈಯಲ್ಲಿತ್ತು. ಆ ನಾಲ್ಕು ಲಕ್ಷ ನೀಲಾವತಿಯದು. ಭಿಶಿಯಲ್ಲಿ, ಅಂದರೆ ಹೆಂಗಸರ ಚೀಟಿಯಲ್ಲಿ, ಹನ್ನೊಂದು ವರ್ಷ ಹಾಕಿ ತೆಗೆದು ಕೂಡಿಸಿದ್ದು. ಅದು ಬಿಟ್ಟರೆ ಮನೆಯಲ್ಲಿ ಇನ್ನೊಂದು ಪೈಸೆ ಇರಲಿಲ್ಲ. ಹೊರಡುವ ಮುಂಚೆ ಗಂಡ ಹೆಂಡತಿ ಒಲೆಯ ಮುಂದೆ ಕೂತು, ಹೋಟೆಲಿನವರು ಕೊಡುವುದರಲ್ಲಿ ಬಾಡಿಗೆ, ಕಿರಾಣಿ, ಚಾರ್ಜಿಂಗ್ ಎಲ್ಲ ಕಳೆದು, ತಿಂಗಳ ಕಂತು ಇಪ್ಪತ್ತೆರಡೂವರೆ ಸಾವಿರದ ಮೇಲೆ ಒಂದು ರೂಪಾಯಿ ಹೋಗಬಾರದು ಎಂದು ಗೆರೆ ಹಾಕಿಕೊಂಡಿದ್ದರು. ಗೆರೆ ದಾಟಿದರೆ ಏನಾಗುತ್ತದೆಂದು ನೀಲಾವತಿ ಕಣ್ಣಾರೆ ಕಂಡವಳು. ಕೆಳಗಿನ ಖೋಲಿಯ ಅಂಗಾರನ ಟೆಂಪೊವನ್ನು ಸಾಲ ಕೊಟ್ಟವರು ನಡುರಸ್ತೆಯಲ್ಲೇ ಚಾವಿ ಕಿತ್ತುಕೊಂಡು ಒಯ್ದಿದ್ದರು. ಗಾಡಿಯೂ ಹೋಯಿತು, ಅದಕ್ಕೆ ಹಾಕಿದ ಅವನ ಹೆಂಡತಿಯ ಬಂಗಾರವೂ ಹೋಯಿತು.

ಈಗ ರೋಶನ್ ಮುಂದಿಟ್ಟ ಕಾಗದದಲ್ಲಿ ಮೂರು ವರ್ಷದ ಸಾಲಕ್ಕೆ ತಿಂಗಳ ಕಂತು ಇಪ್ಪತ್ಮೂರು ಸಾವಿರದ ಐನೂರ ಐವತ್ತಾರು ಎಂದಿತ್ತು.

"ಒಂದು ಸಾವಿರದ ಸಲುವಾಗಿ ಕೈ ಹಿಡೀತೀಯಲ್ಲ," ಎಂದು ಚಂದ್ರಾಮ ದನಿ ತಗ್ಗಿಸಿದ. "ಬಡ್ಡಿ ನೋಡು, ಎರಡ ಟಕ್ಕೆ! ನೂರಕ್ಕ ವರ್ಷಕ್ಕ ಎರಡು ರೂಪಾಯಿ. ನಮ್ಮೂರ ಸಾವಕಾರ ತಿಂಗಳಿಗೆ ಮೂರು ತಗೋತಿದ್ದ. ಮತ್ತ ಇವರು ನಮ್ಮ ಕಡೆಯವರು, ಮೋಸ ಮಾಡ್ತಾರೇನು?"

ಎಲ್ಲ ಎಡವಟ್ಟಾದದ್ದು ಅಲ್ಲೇ. ಮುಂಬೈಯಲ್ಲಿ ಯಾರಾದರೂ ಕನ್ನಡ ಆಡಿದರೆ ಚಂದ್ರಾಮನ ಎದೆಯ ಜೊತೆಗೆ ಕಿಸೆಯೂ ತೆರೆದುಕೊಳ್ಳುತ್ತಿತ್ತು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಮಾಣಿ "ಊಟ ಆಯ್ತಾ?" ಎಂದು ಕೇಳಿದ್ದಕ್ಕೇ ಹತ್ತು ರೂಪಾಯಿ ಹೆಚ್ಚು ಇಟ್ಟು ಬರುವ ಮನುಷ್ಯ. ಇಲ್ಲಿ ರೋಶನ್ ಮಂಗಳೂರು ಕಡೆಯವನೆಂದು ಗೊತ್ತಾದ ಮೇಲಂತೂ ಒಂದು ಪ್ರಶ್ನೆ ಕೇಳುವುದೂ ಅವಮಾನ ಮಾಡಿದಂತೆ ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ.

"ಹೌದು ಆಂಟಿ," ರೋಶನ್ ನಕ್ಕ. "ಎರಡು ಪರ್ಸೆಂಟಿಗೆ ಎಂಟು ಲಕ್ಷ ಬೇರೆ ಎಲ್ಲಿಯೂ ಸಿಗುದಿಲ್ಲ ಮಾರಾಯ್ರೆ."

"ಮಮ್ಮಿ, ಆಲ್ಮೋಸ್ಟ್ ಫ್ರೀ ಹೈ ನಾ," ಎಂದಳು ಸೋನಾಲಿ. "ಸೈನ್ ಮಾಡ್ಲಿ ಪಪ್ಪಾ."

ನೀಲಾವತಿಗೆ ಪರ್ಸೆಂಟಿನ ಗೊಡವೆ ಅಷ್ಟಾಗಿ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಭಿಶಿ. ಇಪ್ಪತ್ತು ಹೆಂಗಸರು ತಿಂಗಳಿಗೆ ಐದೈದು ಸಾವಿರ ಹಾಕಿದರೆ ನಡುವೆ ಒಂದು ಲಕ್ಷ ಕೂಡುತ್ತದೆ. ಯಾರಿಗೆ ಅಡಚಣೆಯೋ ಅವರು ಬಾಯಿ ತೆರೆಯಬೇಕು: ನಾನು ಆರು ಸಾವಿರ ಬಿಡ್ತೀನಿ, ನಾನು ಎಂಟು ಬಿಡ್ತೀನಿ. ಹೆಚ್ಚು ಬಿಟ್ಟವರಿಗೆ ಉಳಿದ ಹಣ. ಬಿಟ್ಟದ್ದು ಎಲ್ಲರಿಗೂ ಪಾಲು. ಅಲ್ಲಿ ಬಡ್ಡಿ ಎಂಬ ಮಾತೇ ಇಲ್ಲ. ಒಮ್ಮೆ ಗುರುಬಾಯಿ ಎಂಬವಳು ಮಗಳ ಬಾಣಂತನಕ್ಕೆಂದು ಹದಿನಾಲ್ಕು ಸಾವಿರ ಬಿಟ್ಟು ಹಣ ಎತ್ತಿ, "ಬಡ್ಡಿ ಇಲ್ಲದ ರೊಕ್ಕ ಸಿಕ್ತು" ಎಂದು ಪೇಡೆ ಹಂಚಿದ್ದಳು. ಬಿಟ್ಟ ಹದಿನಾಲ್ಕು ಸಾವಿರವೇ ಬಡ್ಡಿ ಎಂದು ಗೊತ್ತಿದ್ದ ನೀಲಾವತಿಗೆ ಆ ಪೇಡೆ ತಿನ್ನಲು ಮನಸ್ಸೇ ಬಂದಿರಲಿಲ್ಲ.

ಅದಕ್ಕೇ ಭಿಶಿಯಲ್ಲಿ ಕೇಳುವ ಮಾತನ್ನೇ ಅವಳು ಇಲ್ಲೂ ಕೇಳಿದಳು.

"ತಮ್ಮಾ, ಈ ಎರಡು ಟಕ್ಕೆ ತಗೊಳ್ಳೂದಕ್ಕ ನಾವು ಏನು ಬಿಟ್ಟಂಗಾಗ್ತದ?"

ರೋಶನ್‌ನ ನಗು ಅರ್ಧಕ್ಕೆ ನಿಂತಿತು. "ಅಂದ್ರೆ?"

"ಈ ಸಾಲ ಬ್ಯಾಡ, ಗಾಡಿ ಅಷ್ಟ ಕೊಡ್ರಿ ಅಂದ್ರ ಎಷ್ಟಕ್ಕ ಕೊಡ್ತೀರಿ?"

ಹುಡುಗ ಸುಳ್ಳುಗಾರನಲ್ಲ. ಕೇಳದಿದ್ದರೆ ಹೇಳುತ್ತಿರಲಿಲ್ಲ, ಕೇಳಿದ ಮೇಲೆ ಮುಚ್ಚಿಡಲಿಲ್ಲ. "ಹಾಗಾದ್ರೆ... ಒಂದು ಲಕ್ಷ ಡಿಸ್ಕೌಂಟ್ ಉಂಟು ಆಂಟಿ. ಹನ್ನೆರಡರ ಕಾರು ಹನ್ನೊಂದಕ್ಕೆ. ಎರಡು ಪರ್ಸೆಂಟ್ ಬೇಕಾದ್ರೆ ಡಿಸ್ಕೌಂಟ್ ಇಲ್ಲ. ಎರಡರಲ್ಲಿ ಒಂದು."

"ನಮ್ಮ ಹಂತೇಕ ಅಷ್ಟು ನಗದು ಎಲ್ಲೈತಿ?" ಎಂದ ಚಂದ್ರಾಮ.

"ನಿಮ್ಮದೇ ದುಡ್ಡು ಆಗ್ಬೇಕು ಅಂತ ಇಲ್ಲ. ಹೊರಗಿಂದ ಲೋನ್ ತಂದ್ರೂ ಆಗ್ತದೆ."

"ಮೊದಲ ಯಾಕ ಹೇಳಲಿಲ್ಲಪ್ಪ?" ನೀಲಾವತಿ ಕೇಳಿದಳು.

"ಅಂಕಲ್ ಕೇಳ್ಲಿಲ್ಲ," ಎಂದು ರೋಶನ್ ಮೇಜು ನೋಡಿದ.

ನೀಲಾವತಿ ಚೀಲದಿಂದ ಮೊಬೈಲ್ ತೆಗೆದು ವಿಲೆ ಪಾರ್ಲೆಯ ಪತಸಂಸ್ಥೆಗೆ, ಸಾಲ ಕೊಡುವ ಸಹಕಾರಿ ಸಂಘಕ್ಕೆ, ಹಚ್ಚಿ ಸ್ಪೀಕರ್ ಹಾಕಿದಳು. ಭಿಶಿಯ ಹಣವನ್ನು ಅವಳು ಇಡುತ್ತಿದ್ದದ್ದು ಅಲ್ಲೇ. ಮೆಂಬರಾಗಿ ಒಂಬತ್ತು ವರ್ಷವಾಗಿತ್ತು. ಮ್ಯಾನೇಜರ್ ಸದಾನಂದ ಬೆಳಗಾವಿಯವನು, ಅವಳ ದನಿ ಕೇಳಿದೊಡನೆ ಗುರುತು ಹಿಡಿದ.

"ಏನ್ರಿ ಅಕ್ಕಾರ, ಈ ಹೊತ್ತಿನ್ಯಾಗ?"

"ಏಳು ಲಕ್ಷ ಬೇಕ್ರಿ, ಗಾಡಿಗೆ. ಮೂರು ವರ್ಷ. ನಮ್ಮಂಥ ಹಳೇ ಮೆಂಬರಿಗೆ ಎಷ್ಟು ಹಚ್ತೀರಿ? ಎಲ್ಲಾರೂ ಕೇಳಲಿ, ಜೋರಾಗಿ ಹೇಳ್ರಿ."

"ಒಂಬತ್ತು ಟಕ್ಕೆ ಅಕ್ಕಾರ. ತೀರಿಸಿದಂಗ ತೀರಿಸಿದಂಗ ಉಳಿದ ಅಸಲಿನ ಮ್ಯಾಲ ಅಷ್ಟ ಬಡ್ಡಿ. ಕಂತು ನೋಡಿ ಹೇಳ್ತೀನಿ, ತಡೀರಿ."

ಚಂದ್ರಾಮ ಗಹಗಹಿಸಿ ನಕ್ಕುಬಿಟ್ಟ. ಆಚೆ ಟೇಬಲ್ಲಿನ ಗಿರಾಕಿಗಳೂ ಇತ್ತ ತಿರುಗಿದರು. "ಒಂಬತ್ತು! ಕೇಳಿದೇನು ಸೋನಾಲಿ? ಎರಡು ಬಿಟ್ಟು ಒಂಬತ್ತು ತಗೋತಾಳಂತ ನಿಮ್ಮವ್ವ! ಏ ನೀಲಾ, ಮಂದಿ ಮುಂದ ಮಾನ ಕಳೀಬ್ಯಾಡ. ಇದು ನಿಮ್ಮ ಹೆಂಗಸರ ಭಿಶಿ ಅಲ್ಲ, ಲಕ್ಷದ ವ್ಯವಹಾರ. ಸುಮ್ಮ ಕುಂದ್ರು."

ನೀಲಾವತಿಯ ಮುಖಕ್ಕೆ ರಕ್ತ ನುಗ್ಗಿತು. ಆ ನಗು ಅವಳಿಗೆ ನೆಟ್ಟಗೆ ನಾಟಿತ್ತು. ಎಂಥ ಮನುಷ್ಯ! ಹನ್ನೊಂದು ವರ್ಷ ಒಂದು ಹೊಸ ಸೀರೆ ಕೇಳದೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಲವತ್ತು ಮನೆಗೆ ಜೋಳದ ರೊಟ್ಟಿ ಬಡಿದು ಕೂಡಿಸಿದ್ದಕ್ಕೆ ಇದು ಬಹುಮಾನ.

"ಭಿಶಿ ಅಲ್ಲ ಅಂತೀರಿ. ಹಂಗಾರ ಈ ನಾಕು ಲಕ್ಷ ಎಲ್ಲಿಂದ ಬಂತು?" ಎಂದಳು.

ಫೋನಿನಲ್ಲಿ ಸದಾನಂದ ಕೆಮ್ಮಿ, "ಅಕ್ಕಾರ, ಕಂತು ಇಪ್ಪತ್ತೆರಡು ಸಾವಿರದ ಎರಡನೂರಾ ಅರವತ್ತು," ಎಂದ.

ಇಪ್ಪತ್ತೆರಡೂವರೆಯ ಒಳಗೆ! ನೀಲಾವತಿ ಹಿಗ್ಗನ್ನು ಮುಖದಲ್ಲಿ ತೋರಗೊಡಲಿಲ್ಲ. "ಸೋನಾಲಿ, ಮೊಬೈಲ್ ತಗಿ. ಎರಡೂ ಕಂತು ಮೂವತ್ತಾರು ತಿಂಗಳಿಗೆ ಗುಣಾಕಾರ ಮಾಡು."

ಸೋನಾಲಿ ಒತ್ತಿದಳು. ತುಟಿ ಕಚ್ಚಿಕೊಂಡಳು. ಎಲ್ಲ ಅಳಿಸಿ ಇನ್ನೊಮ್ಮೆ ಒತ್ತಿದಳು. "ಪಪ್ಪಾ... ಎರಡು ಟಕ್ಕೆದು ಎಂಟು ಲಕ್ಷ ನಲವತ್ತೆಂಟು ಸಾವಿರ. ಒಂಬತ್ತು ಟಕ್ಕೆದು ಎಂಟು ಲಕ್ಷ ಒಂದು ಸಾವಿರ. ಯೇ ಕೈಸೆ?"

"ತಪ್ಪು ಒತ್ತಿರಬೇಕು, ಕೊಡಿಲ್ಲೆ," ಎಂದು ಚಂದ್ರಾಮ ತಾನೇ ಒತ್ತಿದ. ಮೊಬೈಲ್ ಅವನ ಮುಲಾಜಿಗೂ ಬೀಳಲಿಲ್ಲ.

"ಅಲ್ಲಿ ಬಡ್ಡಿ ನಲವತ್ತೆಂಟು ಸಾವಿರ," ನೀಲಾವತಿ ಬೆರಳು ಮಡಚಿದಳು. "ನೀವು ಅರ್ಧ ತೀರಿಸಿದ ಮ್ಯಾಲೂ ಪೂರಾ ಎಂಟು ಲಕ್ಷದ ಮ್ಯಾಲನ ಹಾಕ್ಯಾರ, ಅದು ಒಂದು. ಅದರ ಮ್ಯಾಲ ನಾವು ಬಿಡೂ ಲಕ್ಷ. ಕೂಡಿಸಿದ್ರ ಒಂದು ಲಕ್ಷ ನಲವತ್ತೆಂಟು. ಇಲ್ಲಿ ಬಡ್ಡಿ ಎಲ್ಲಾ ಸೇರಿ ಒಂದು ಲಕ್ಷ ಒಂದು ಸಾವಿರ. ಎರಡು ಟಕ್ಕೆ ಅಂತ ಮೂಗಿಗೆ ತುಪ್ಪ ಹಚ್ಯಾರ್ರಿ. ವಾಸನಿಗೇ ಹೊಟ್ಟಿ ತುಂಬಿಸ್ಕೊಂಡು ಕುಂತಿದ್ರಿ ನೀವು."

ರೋಶನ್ ಬಾಯಿಗೆ ಕೈ ಅಡ್ಡ ಹಿಡಿದ. ನಗು ತಡೆಯಲಾಗಲಿಲ್ಲ. "ಆಂಟಿ, ನಾಲ್ಕು ವರ್ಷ ಆಯ್ತು ಈ ಟೇಬಲ್ಲಲ್ಲಿ. ಈ ಲೆಕ್ಕ ಕೇಳಿದವರು ಮೂರು ಜನ ಇರ್ಬಹುದು, ಮೂವರೂ ಸಿಎಗಳು. ನಿಮ್ಮ ಭಿಶಿಯಲ್ಲಿ ಒಂದು ಜಾಗ ಉಂಟಾ?"

"ಹೆಂಗಸರಿಗಷ್ಟ," ಎಂದಳು ನೀಲಾವತಿ. ಹೇಳಬಾರದೇಕೆ, ಅವಳಿಗೆ ಕುಣಿಯಬೇಕೆನಿಸಿತ್ತು. ಏಸಿಯ ಚಳಿ ಕೂಡ ಹೋಗಿತ್ತು.

"ಅಕ್ಕಾರ," ಫೋನಿನಿಂದ ಸದಾನಂದನ ದನಿ ಮತ್ತೆ ಬಂತು. "ಒಂದು ಮಾತು ಹೇಳೂದು ಉಳೀತು. ನಾವು ಸಾಲ ಕೊಡೂದು ಮೆಂಬರಿಗೆ ಅಷ್ಟ. ಗಾಡಿ ನಿಮ್ಮ ಹೆಸರಲೇನ ಆಗಬೇಕು."

ಆರ್‌ಸಿ ಪುಸ್ತಕದಲ್ಲಿ ತನ್ನ ಹೆಸರು ನೋಡಬೇಕೆಂದು ಚಂದ್ರಾಮ ಎಷ್ಟು ವರ್ಷ ಹಂಬಲಿಸಿದ್ದನೆಂಬುದು ನೀಲಾವತಿಗೆ ಗೊತ್ತಿರದೆ ಯಾರಿಗೆ ಗೊತ್ತು? ಮದುವೆಯಾದ ಹೊಸತರಲ್ಲಿ ಅವನು ಅವಳಿಗೆ ಆಡಿದ ಮೊದಲ ಕನಸಿನ ಮಾತೇ ಅದು.

"ಇವರನ್ನ ಮೆಂಬರ್ ಮಾಡ್ಕೊಂಡ್ರ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಮಾಡ್ಕೋತೀವಿ. ಆದ್ರ ಸಾಲಕ್ಕ ಆರು ತಿಂಗಳು ಕಾಯಬೇಕು."

ಆರು ತಿಂಗಳು ಹೋಟೆಲಿನವರು ಕಾಯುವುದಿಲ್ಲ. ಚಂದ್ರಾಮ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಎದುರಿನ ಬಿಳಿ ಕಾರನ್ನು ನೋಡಿದ. ಅವನು ಬೇಡವೆಂದರೆ ಏನು ಮಾಡುವುದು, ಸಾವಿರ ಹೆಚ್ಚಿನ ಕಂತಿಗೇ ಒಪ್ಪಿಬಿಡುವುದೇ ಎಂದು ನೀಲಾವತಿಯ ಜೀವ ಒಳಗೇ ತೊಳಲಾಡಿತು. ಗೆದ್ದ ಮಾತನ್ನು ಅವನಿಗಾಗಿ ಸೋಲಬಾರದೆಂದೇನೂ ಇರಲಿಲ್ಲ. ಆದರೂ ಅವಳ ಬಾಯಿಂದ ಆ ಮಾತು ಹೊರಡಲಿಲ್ಲ. ಅವಳಿಗೂ ಆ ಗಾಡಿ ಬೇಕಾಗಿತ್ತು, ತನ್ನ ಹೆಸರಲ್ಲೇ ಬೇಕಾಗಿತ್ತು. ಅದು ಈ ಗಳಿಗೆಯಲ್ಲೇ ಅವಳಿಗೂ ತಿಳಿದದ್ದು.

ಚಂದ್ರಾಮ ಪೆನ್ನನ್ನು ರೋಶನ್ ಕಡೆಗೆ ಸರಿಸಿದ.

"ಬರಕೋ ರೋಶನ್. ನೀಲಾವತಿ ಚಂದ್ರಾಮ ತಡವಲಗಿ. ಈ ಹಳೇ ಕಾಗದ ಹರಿ." ಆಮೇಲೆ ಹೆಂಡತಿಯ ಕಡೆ ತಿರುಗದೆಯೇ ಹೇಳಿದ, "ಇಪ್ಪತ್ತೆಂಟು ವರ್ಷ ಯಾರ್ಯಾರೋ ಸೇಠಗೋಳದು ಓಡಿಸೀನಿ. ಇನ್ನು ನಿಂದು ಓಡಿಸೂದಕ್ಕ ನನಗೇನು ರೋಗ?"

ಸೋನಾಲಿ ಕುರ್ಚಿಯಿಂದೆದ್ದು ಅಪ್ಪನನ್ನೂ ಅವ್ವನನ್ನೂ ಒಟ್ಟಿಗೆ ತಬ್ಬಿಕೊಂಡಳು. ಆಚೆ ಟೇಬಲ್ಲಿನ ಗುಜರಾತಿ ಗಿರಾಕಿಯೊಬ್ಬರು ತಮ್ಮ ಏಜೆಂಟನನ್ನು, ನಮಗೂ ಡಿಸ್ಕೌಂಟ್ ಇದೆಯೇ ಎಂದು ಕೇಳುವುದು ಇಲ್ಲಿಯವರೆಗೆ ಕೇಳಿಸಿತು. ರೋಶನ್ ಎಲ್ಲರಿಗೂ ಚಹಾ ಹೇಳಿದ.

ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಹಸಿರು ನಂಬರ್ ಪ್ಲೇಟಿನ ಬಿಳಿ ಕಾರು ಹೋಟೆಲಿನ ಗೇಟಿಗೆ ಬಂತು. ಮೊದಲ ದಿನ ತಾನೂ ಬರುತ್ತೇನೆಂದು ನೀಲಾವತಿ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ವಾಚ್‌ಮನ್ ದಪ್ಪ ರಜಿಸ್ಟರ್ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದ. ಗಾಡಿ ನಂಬರ್ ಬರೆದ, ಡ್ರೈವರನ ಹೆಸರು ಕೇಳಿ ಬರೆದ.

"ಮಾಲಿಕ್ ಕಾ ನಾಮ್?"

"ನೀಲಾವತಿ," ಎಂದ ಚಂದ್ರಾಮ. ವಾಚ್‌ಮನ್‌ಗೆ ಸರಿಯಾಗಿ ಬರೆಯಲು ಬರಲೆಂದು ಒಂದೊಂದೇ ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಿದ.

"ಕಹಾಂ ಹೈ ಮಾಲಿಕ್?"

ಚಂದ್ರಾಮ ಸ್ಟಿಯರಿಂಗಿನ ಮೇಲಿನ ಕೈ ತೆಗೆದು, ಬೆನ್ನನ್ನು ಸೀಟಿಗೆ ಪೂರ್ತಿ ಒತ್ತಿ, ಹಿಂದಕ್ಕೆ ಸರಿದು ಕೂತ. ವಾಚ್‌ಮನ್ ಬಗ್ಗಿ ಅವನಾಚೆ ಕೂತ ನೀಲಾವತಿಯನ್ನು ನೋಡಿದ.