ದುರ್ಗೇಶನಿಗೆ ಸೋಕಿದ ಗಾಳಿ

ಭರಮಸಾಗರದ ನಾಗಕ್ಕ ಅಂಗಳದಲ್ಲಿ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದಾಗ, ರಂಜಿತಾ ತನ್ನ ಗಂಡ ಶಿವರಾಜನ ತೋಳು ಹಿಡಿದು ಕರೆತಂದಳು. ಗಾಳಿ ಸೋಕಿದವರನ್ನು ಬೇವಿನಸೊಪ್ಪಿನಿಂದ ನಿವಾಳಿಸಿ ವಿಭೂತಿ ಹಚ್ಚುವುದು ನಾಗಕ್ಕ ಮೂವತ್ತು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ.

"ಕೆರೆ ಏರಿ ಮೇಲೆ ಬರ್ತಿದ್ರಂತೆ ನಾಗಕ್ಕ. ಎದೆಗೆ ಯಾರೋ ಚುಚ್ಚಿದಂಗಾತಂತೆ. ಗಾಳಿ ಸೋಕೈತೆ, ನೋಡ್ರಿ."

ಶಿವರಾಜ್ ಆರಡಿ ಎತ್ತರದ ಸಣಕಲು ಯುವಕ. ಜೇಬಿನಲ್ಲಿ ಬೀಡಿಕಟ್ಟು ಇಣುಕುತ್ತಿತ್ತು. ಎದೆಯ ಎಡಭಾಗವನ್ನು ಒತ್ತಿಹಿಡಿದು ಮುಂದಕ್ಕೆ ಬಾಗಿ ಕೂತ. ಉಸಿರು ಅರ್ಧಕ್ಕೇ ನಿಂತು ನಿಂತು ಹೊರಬೀಳುತ್ತಿತ್ತು.

ಆ ಸದ್ದು ನಾಗಕ್ಕನಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಇದೇ ಅಂಗಳದಲ್ಲಿ ಓಬವ್ವನ ಮಗ ದುರ್ಗೇಶ ಹೀಗೆಯೇ ಕೂತಿದ್ದ. ಅವನೂ ಉದ್ದಕ್ಕೆ, ತೆಳ್ಳಗೆ. ಅವನಿಗೂ ಬೀಡಿಯ ಚಟ. "ಒಂದು ಕಡೆ ಉಸಿರೇ ಬರಂಗಿಲ್ಲ ನಾಗಕ್ಕ" ಎಂದಿದ್ದ. "ಗಾಳಿ ಜೋರೈತೆ, ನಾಳೆಗೆ ಬಿಡ್ತೈತೆ. ಎಲ್ಲಿಗೂ ಕರ್ಕಂಡು ಹೋಗಬ್ಯಾಡ್ರಿ" ಎಂದು ತಡೆದವಳು ಅವಳೇ. ಮರುದಿನ ಹೊತ್ತೇರುವಷ್ಟರಲ್ಲಿ ಹುಡುಗ ಇರಲಿಲ್ಲ. ಅಂದಿನಿಂದ ಒಲೆ ಊದುವಾಗಲೂ ಅವನ ಆ ಅರ್ಧ ಉಸಿರು ಬೆನ್ನ ಹಿಂದೆಯೇ ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಬೇವಿನಸೊಪ್ಪು ಕೈಗೆತ್ತಿಕೊಂಡಳು. ತೋಳು ಮೇಲೇಳಲಿಲ್ಲ.

"ನೂರೆಂಟಕ್ಕೆ ಫೋನ್ ಮಾಡು, ರಂಜಿತಾ. ದುರ್ಗದ ಆಸ್ಪತ್ರೆಗೆ ಹೋಗಾಣ."

"ನೀವೇ ಹಿಂಗಂದ್ರೆ ಹೆಂಗೆ? ಮೊದ್ಲು ನಿವಾಳಿಸ್ರಿ. ನಮ್ಮತ್ತೆ ಬೈತಾರೆ."

"ಬೈದ್ರೆ ನನ್ನ ಬೈಯಲಿ. ಫೋನ್ ಮಾಡವ್ವ!"

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಪಕ್ಕೆಯಲ್ಲಿ ನಳಿಕೆ ಹಾಕಿದರು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿ, ಶ್ವಾಸಕೋಶವೇ ಕುಗ್ಗಿಹೋಗಿದೆ ಎಂದರು ಡಾಕ್ಟರಮ್ಮ.

"ಇದು ಯಾರಿಗೆ ಬರ್ತೈತೆ ತಾಯಿ?" ನಾಗಕ್ಕ ಕೇಳಿದಳು.

"ನೀವಂದುಕೊಂಡಷ್ಟು ಅಪರೂಪ ಅಲ್ಲಮ್ಮ. ಎತ್ತರವಾಗಿ ತೆಳ್ಳಗಿರೋ ಹುಡುಗರಿಗೆ ಕಾರಣವೇ ಇಲ್ಲದೆ ಬರಬಹುದು. ಬೀಡಿ ಸೇದೋರಿಗೆ ಇನ್ನೂ ಹೆಚ್ಚು. ಕ್ಷಯ, ದಮ್ಮು ಇದ್ದೋರಿಗೂ ಬರುತ್ತೆ. ಬೇಗ ಬಂದ್ರೆ ಉಳಿಸ್ಕೊಳ್ತೀವಿ."

"ತಡ ಮಾಡಿದ್ರೆ?"

"ಕೆಲವರು ಉಳಿಯಲ್ಲ."

ಸಂಜೆಯ ಹೊತ್ತಿಗೆ ಶಿವರಾಜನ ಮುಖಕ್ಕೆ ಕಳೆ ಬಂತು. ರಂಜಿತಾ ಕಾಲಿಗೆ ಬೀಳಲು ಬಾಗಿದಳು. ನಾಗಕ್ಕ ಬೆಂಕಿ ತಗುಲಿದಂತೆ ಕಾಲು ಹಿಂದಕ್ಕೆಳೆದುಕೊಂಡಳು.

ಮರುದಿನ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಓಬವ್ವನ ಕುರಿಹಟ್ಟಿಗೆ ಹೋದಳು. ಓಬವ್ವ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮಗ ಹೋದ ಮೇಲೆ ಅವಳು ಕೆರೆ ಏರಿಯ ಮೇಲೆ ಕಾಲಿಟ್ಟವಳಲ್ಲ. ಅಂದು ಗಾಳಿ ಓಡಾಡುವ ನಡುಮಧ್ಯಾಹ್ನದ ಹೊತ್ತಲ್ಲಿ ಕುರಿ ಹೊಡಕೊಂಡು ಬಾ ಎಂದು ಅವನನ್ನು ಅಲ್ಲಿಗೆ ಕಳಿಸಿದ್ದು ಅವಳೇ.

"ಓಬವ್ವ, ನಿನ್ನ ಮಗನಿಗೆ ಗಾಳಿ ಸೋಕಿರಲಿಲ್ಲ."

ಆಸ್ಪತ್ರೆಯಲ್ಲಿ ಕಂಡದ್ದು, ಕೇಳಿದ್ದು ಎಲ್ಲವನ್ನೂ ಹೇಳಿದಳು. "ಅವತ್ತೇ ಹೋಗಿದ್ರೆ ಉಳೀತಿದ್ನೇನೋ. ತಡೆದೋಳು ನಾನು."

ಓಬವ್ವ ಶಪಿಸಲಿಲ್ಲ. ಸೊಪ್ಪು ಹಿಡಿದ ಕೈ ಹಾಗೇ ನಿಂತಿತು. ಮೆಲ್ಲಗೆ ಕೇಳಿದಳು:

"ಹಂಗಾದ್ರೆ... ನಾನು ಏರಿ ಮೇಲಕ್ಕೆ ಕಳಿಸಿದ್ದಕ್ಕಲ್ವಾ?"

"ಅಲ್ಲವ್ವ. ಅದಕ್ಕಲ್ಲ."

ಓಬವ್ವ ಹಟ್ಟಿಯ ಗೂಟ ಹಿಡಿದು ಕುಸಿದು ಕೂತು ಅಳತೊಡಗಿದಳು. ಹತ್ತಿರ ಹೋಗುವ ಧೈರ್ಯ ನಾಗಕ್ಕನಿಗೆ ಬರಲಿಲ್ಲ. ಬಿಟ್ಟು ಹೋಗಲೂ ಆಗದೆ ತುಸು ದೂರದಲ್ಲಿ ನೆಲದ ಮೇಲೆ ಕೂತಳು.